ಒಂದೇ ಸಲ ಕೇಳುವ ಊರು

"ಬಾಗ್ಲು ಹಾಕೇ ಮಗಾ, ತಂಪೆಲ್ಲಾ ಆಚೆ ಹೋಗುತ್ತೆ."

ಲ್ಯಾಬಿನ ಕೋಲ್ಡ್ ರೂಮಿನ ತೆರೆದ ಬಾಗಿಲಿಗೆ ಒರಗಿ, ಅತ್ತಿಗೆಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಅವಳು ಬೆಚ್ಚಿ ತಿರುಗಿದಳು. ಪಿಎಚ್‌ಡಿಗೆಂದು ಈ ದೇಶಕ್ಕೆ ಬಂದು ಇನ್ನೂ ವಾರವಾಗಿರಲಿಲ್ಲ. ಇಲ್ಲಿ ಯಾರ ಬಾಯಿಂದಲಾದರೂ ಕನ್ನಡ ಕೇಳಿಸೀತೆಂದು ಎಣಿಸಿಯೇ ಇರಲಿಲ್ಲ. ಅದರಲ್ಲೂ ಇಂಥ ಕನ್ನಡ. ಒಳಗೆ ಟ್ರೇಗಳ ನಡುವೆ ನಿಂತಿದ್ದವನು ಬಿಳಿ ಕೋಟು ತೊಟ್ಟ, ನೀಳ ಕೈಕಾಲಿನ, ಅವಳದೇ ವಯಸ್ಸಿನ ಹುಡುಗ. ಮಾತು ಮಾತ್ರ ಎಂಬತ್ತು ದಾಟಿದ ಮುದುಕಿಯದು.

"ಯಾರಿಗೆ ಹಾಕೇ ಅಂದಿದ್ದು ನೀವು?"

"ನಿಂಗೇ. ಇನ್ಯಾರಿದಾರೆ ಇಲ್ಲಿ?" ಅವನ ಮುಖದಲ್ಲಿ ತುಂಟತನದ ಸುಳಿವೂ ಇರಲಿಲ್ಲ. "ಕನ್ನಡ ಕಿವಿಗೆ ಬಿತ್ತು, ಖುಷಿ ಆಯ್ತು. ಮೂತಿ ಯಾಕೆ ಉಬ್ಬಿಸ್ಕೊಂಡೆ ಈಗ?"

ಅವಳು ಬಾಗಿಲು ಹಾಕಿದಳು. ಸ್ವಲ್ಪ ಜೋರಾಗಿಯೇ.

ಫೋನಿನಲ್ಲಿದ್ದ ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಯಾರೇ ಅದು, ಯಾರದೋ ಅಜ್ಜಿ ಬಂದ ಹಾಗಿತ್ತು?"

ಮಧ್ಯಾಹ್ನ ಕಾಫಿ ಮೆಷಿನ್ ಹತ್ತಿರ ಅವನೇ ಬಂದು ನಿಂತ. ಅವಳಿಗೆ ಬೇಸರವಾಗಿದೆಯೆಂದು ತಾನೇ ಊಹಿಸಿರಬೇಕು ಅಥವಾ ಜೋರಾಗಿ ಮುಚ್ಚಿಕೊಂಡ ಬಾಗಿಲೇ ಹೇಳಿರಬೇಕು. ಎರಡು ವರ್ಷದ ಮಗುವಾಗಿದ್ದಾಗ ಈ ದೇಶಕ್ಕೆ ಬಂದವನು, ಅಪ್ಪ ಅಮ್ಮ ಇಬ್ಬರಿಗೂ ಶಿಫ್ಟ್ ಕೆಲಸ, ಸಾಕಿದ್ದು ಅಜ್ಜಿ. "ಅಜ್ಜಿ ಹೆಂಗೆ ಮಾತಾಡ್ತಿದ್ರೋ ಅಷ್ಟೇ ನಂಗೆ ಬರೋದು. ನಂಗೆ ಹಾಕೋ ಅಂತಿದ್ರು, ನಮ್ಮಕ್ಕನಿಗೆ ಹಾಕೇ ಅಂತಿದ್ರು. ನೀನು ಹುಡುಗಿ, ಅದಕ್ಕೇ ಹಾಕೇ ಅಂದೆ. ತಪ್ಪಾ?"

ಅವಳಿಗೆ ನಗು ಬಂತು. ಕಪ್ಪಿನ ಹಿಂದೆ ಮರೆಸಿಕೊಳ್ಳಲು ನೋಡಿದಳು, ಆಗಲಿಲ್ಲ.

"ಅಜ್ಜಿ ಹೋದ ಮೇಲೆ ಮನೇಲಿ ಕನ್ನಡ ಕಮ್ಮಿ ಆಗೋಯ್ತು," ಎಂದ ಅವನು. "ನೀನು ಫೋನಲ್ಲಿ ಮಾತಾಡ್ತಿದ್ದಾಗ ಒಳಗೆ ಸುಮ್ನೆ ನಿಂತು ಕೇಳ್ತಿದ್ದೆ. ಬಾಗ್ಲು ನೆಪ ಅಷ್ಟೇ."

ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಪಾಚಿ ಎಂದು ಕರೆಯುತ್ತಾರೆಂದು ಅವನೇ ಹೇಳಿದ. ಕನ್ನಡದಲ್ಲಲ್ಲ, ಇಲ್ಲಿಯ ಭಾಷೆಯಲ್ಲಿ. ಅವನು ಕೆಲಸ ಮಾಡುವುದು ಬಂಡೆ, ಮರಗಳ ಮೇಲೆ ಹಬ್ಬುವ ಪುಟ್ಟ ಎಲೆಯ ಪಾಚಿಯ ಮೇಲೆ. ಅವಳದು ಬೀಜಗಳ ಮೇಲೆ. ಇಬ್ಬರ ಬೆಂಚುಗಳ ನಡುವೆ ಒಂದು ಸಿಂಕ್ ಮಾತ್ರ ಇತ್ತು.

ಹೊಸ ದೇಶದ ಸಂಗತಿಗಳನ್ನು ಅವಳು ಪ್ರಯೋಗದ ಫಲಿತಾಂಶಗಳಂತೆಯೇ ಗಮನಿಸುತ್ತಿದ್ದಳು. ಇಲ್ಲಿ ಗೈಡ್ ಮೇಡಂ ಅವರನ್ನು ಎಲ್ಲರೂ ಹೆಸರು ಹಿಡಿದು ಕೂಗುತ್ತಾರೆ. ಅವಳಿಗೆ ನಾಲಿಗೆ ಏಳದೆ, ಅವರು ತಾವಾಗಿಯೇ ತಲೆಯೆತ್ತುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಲಿಫ್ಟಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ನಾಲ್ಕು ಮಾರು ಹಿಂದಿದ್ದರೂ ನಿಮಗಾಗಿ ಬಾಗಿಲು ಹಿಡಿದು ನಿಲ್ಲುತ್ತಾರೆ. ಎಲ್ಲಕ್ಕಿಂತ ಕಷ್ಟದ್ದೆಂದರೆ, ಇಲ್ಲಿ ಯಾವುದನ್ನಾದರೂ ಒಂದೇ ಸಲ ಕೇಳುತ್ತಾರೆ.

ಬಾಡಿಗೆ ಮನೆಯ ಒಡತಿ ಮೊದಲ ದಿನ "ಟೀ ಕುಡಿಯುತ್ತೀಯಾ?" ಎಂದಿದ್ದರು. ಅವಳು "ಅಯ್ಯೋ, ಬೇಡ" ಎಂದಳು. ಬೆಳೆಸಿದ ರೀತಿ ಹಾಗೆ. ಮೊದಲ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೇ ಸಲ ಕೇಳಿದಾಗ "ಸರಿ, ಅರ್ಧ ಲೋಟ" ಎನ್ನಬೇಕು. ಒಡತಿ ನಕ್ಕು, ಒಂದೇ ಕಪ್ಪು ಟೀ ಮಾಡಿಕೊಂಡು ಕುಡಿದರು. ಹಗಲಿಡೀ ಪ್ರಯಾಣ ಮಾಡಿ ಬಂದಿದ್ದವಳು ಎದುರಿಗೆ ಕೂತು ಆ ಹಬೆಯನ್ನೇ ನೋಡಿದಳು. ಸೆಮಿನಾರಿನ ಕೇಕು, ಮಳೆಯಲ್ಲಿ ಯಾರೋ ಕೊಡಲು ಬಂದ ಕೊಡೆ, ಭಾರದ ಪೆಟ್ಟಿಗೆಗೆ ಒದಗಿದ ಕೈ, ಎಲ್ಲವೂ ಹೀಗೆಯೇ ಕೈತಪ್ಪಿದವು.

ಪಾಚಿಗೆ ಇದನ್ನು ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿಮ್ಮಜ್ಜಿ ಬಲವಂತ ಮಾಡ್ತಿರಲಿಲ್ವಾ?"

"ಅಜ್ಜಿ ಕೇಳ್ತಾನೇ ಇರಲಿಲ್ಲ. ತಂದು ಸುರೀತಿದ್ರು. ಬೇಡ ಅನ್ನೋಕೆ ಟೈಮೇ ಕೊಡ್ತಿರಲಿಲ್ಲ."

ತಿಂಗಳುಗಳು ಹೋದವು. ಅವಳು ಕೇಕಿಗೆ ಹೂಂ ಎನ್ನಲು ಕಲಿತಳು, ಕೊಡೆಗೂ ಕಲಿತಳು. ಅವನಿಗೆ ನೀವು, ಬನ್ನಿ, ಕೂತ್ಕೊಳ್ಳಿ ಕಲಿಸಿದಳು. ಅವನು ಅದನ್ನು ಮೂಲೆಯ ಫ್ರಿಜ್ಜಿನ ಮೇಲೂ ಪ್ರಯೋಗಿಸಿದ: "ದಯವಿಟ್ಟು ತಣ್ಣಗಾಗಿ." ಅವರಿಬ್ಬರ ನಡುವೆ ಮಾತ್ರ ನೀನು ನೀನಾಗಿಯೇ ಉಳಿಯಿತು. ಯಾವಾಗ ಅದು ಅವಳ ಬಾಯಲ್ಲೂ ಬಂತೆಂದು ಅವಳು ಗಮನಿಸಲಿಲ್ಲ. ಎಲ್ಲವನ್ನೂ ಗಮನಿಸುವವಳು ಅದೊಂದನ್ನು ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಅವನು ಒಣಗಿ ಕಂದಾಗಿದ್ದ ಪಾಚಿಯ ತುಣುಕನ್ನು ಅವಳ ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಟ್ಟ. ಅವಳು ನೋಡುತ್ತಿದ್ದಂತೆಯೇ ಎಲೆಗಳು ಬಿಚ್ಚಿಕೊಂಡು ಹಸಿರಾದವು.

"ಅಷ್ಟೇನಾ? ಒಂದೇ ಹನಿಗಾ?"

"ಒಂದೇ ಹನಿಗೆ. ನಿನ್ನ ಬೀಜಗಳು?"

"ಗಟ್ಟಿ ಸಿಪ್ಪೆ. ನೆನೆಸಿ, ಒಣಗಿಸಿ, ಮತ್ತೆ ನೆನೆಸಬೇಕು. ಒಂದು ಮಳೆಯನ್ನ ನಂಬಿದ್ರೆ ಬದುಕಲ್ಲ ಅಂತ ಅವಕ್ಕೆ ಗೊತ್ತು."

"ಭಾರಿ ಜಂಬದವು," ಎಂದ ಅವನು. ಅಂಗೈ ಮೇಲಿನ ನೀರನ್ನು ಒರೆಸಲು ಟಿಶ್ಯೂ ತೆಗೆದುಕೊಂಡ. ಒರೆಸುವ ಕೆಲಸ ಮುಗಿದ ಮೇಲೂ ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟ. ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಇಬ್ಬರೂ ಅದನ್ನೇ ಬಹಳ ಮುಖ್ಯವಾದದ್ದೆಂಬಂತೆ ನೋಡಿದರು.

ಅದಾದ ಕೆಲವು ದಿನಕ್ಕೆ, ಕಿಟಕಿಯ ಬಳಿ ಅವಳು ಬೀಜದ ತಟ್ಟೆಗಳನ್ನು ಬಿಸಿಲಿಗೆ ತಿರುಗಿಸುತ್ತಿದ್ದಾಗ, ಅವನು ಕೈಯಲ್ಲೊಂದು ಟ್ರೇ ಹಿಡಿದು ಬಂದು ನಿಂತ.

"ಭಾನುವಾರ ನಮ್ಮನೆಗೆ ಬರ್ತೀಯಾ? ಅಪ್ಪ ಅಮ್ಮನಿಗೆ ನಿನ್ನ ಬಗ್ಗೆ ಹೇಳಬೇಕು ಅಂತಿದೀನಿ." ತಡೆದು, ಟ್ರೇಯನ್ನೇ ನೋಡುತ್ತಾ, "ಅಂದ್ರೆ, ನಂಗೆ ನೀನಂದ್ರೆ ತುಂಬಾ ಇಷ್ಟ ಅಂತ. ನಿಂಗೂ ಹಾಗಿದ್ರೆ ಮಾತ್ರ."

ಅವಳ ಕಿವಿ ಕೆಂಪಾಯಿತು. ಎದೆಯೊಳಗೆ ಯಾರೋ ಓಡಿದ ಹಾಗಾಯಿತು. ಬಾಯಿ ಮಾತ್ರ ತನಗೆ ಕಲಿಸಿದ್ದನ್ನು ತಾನೇ ಹೇಳಿತು. "ಅಯ್ಯೋ, ಬೇಡಪ್ಪ. ಅದೆಲ್ಲ ಯಾಕೆ."

ಅವನು ತಲೆಯೆತ್ತಿ ನೋಡಿದ. ಒಂದು ಕ್ಷಣ ಅಷ್ಟೇ. "ಸರಿ," ಎಂದ. ಟ್ರೇಯೊಡನೆ ಹೊರಟುಹೋದ.

ಎರಡನೇ ಸಲ ಕೇಳಿದರೆ ಹೇಳಬೇಕಾದ ಉತ್ತರವನ್ನು ಹಲ್ಲಿನ ಹಿಂದೆ ಹಿಡಿದುಕೊಂಡು ಅವಳು ಕಿಟಕಿಯ ಬಳಿಯೇ ನಿಂತಿದ್ದಳು.

"ಕಾಯ್ತಿರು," ಎಂದರು ಅತ್ತಿಗೆ ಫೋನಿನಲ್ಲಿ. "ಕೇಳೇ ಕೇಳ್ತಾನೆ. ನಿಮ್ಮಣ್ಣನಿಗೂ ನಾನು ಮೊದಲು ಯೋಚ್ನೆ ಮಾಡ್ತೀನಿ ಅಂದಿದ್ದೆ. ಯೋಚ್ನೆ ಏನು ಮಣ್ಣು, ಸೀರೆ ಬಣ್ಣ ಕೂಡ ಆರಿಸಿಟ್ಟಿದ್ದೆ."

ಅವನು ಕೇಳಲಿಲ್ಲ. ಸಿಟ್ಟನ್ನೂ ತೋರಿಸಲಿಲ್ಲ, ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬೆಳಿಗ್ಗೆ ಬೇಗ ಬಂದು, ಅವಳು ಬರುವ ಹೊತ್ತಿಗೆ ಕೆಲಸ ಮುಗಿಸಿಕೊಳ್ಳುತ್ತಿದ್ದ. ಎದುರಾದರೆ, "ನಿಮಗೆ ಸಿಂಕ್ ಬೇಕಿತ್ತಾ? ತಗೊಳ್ಳಿ," ಎನ್ನುತ್ತಿದ್ದ. ಅವಳೇ ಕಲಿಸಿದ ಬಹುವಚನ. ಒಂದೂ ತಪ್ಪಿಲ್ಲದೆ ಆಡುತ್ತಿದ್ದ. ಭಾನುವಾರ ಬಂತು, ಹೋಯಿತು.

ಮುಂದಿನ ಶುಕ್ರವಾರದ ಮೀಟಿಂಗಿನಲ್ಲಿ ಗೈಡ್ ಮೇಡಂ ಎಲ್ಲರಿಗೂ ಹೇಳಿದರು: ಪಾಚಿ ಸೋಮವಾರದಿಂದ ದೂರದ ಕಾಡಂಚಿನ ಫೀಲ್ಡ್ ಸ್ಟೇಷನ್ನಿನಲ್ಲಿರುತ್ತಾನೆ, ಬೇಸಿಗೆ ಮುಗಿಯುವವರೆಗೆ. ಅವನೇ ಕೇಳಿಕೊಂಡದ್ದು.

ಆ ಸಂಜೆ ಅವಳು ಅಡುಗೆಮನೆಯಲ್ಲಿ ಕೂತು ಅತ್ತಿಗೆಗೆ ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು.  

"ನೋಡು, ಆ ಹುಡುಗ ಮರ್ಯಾದಸ್ಥ," ಎಂದರು ಅತ್ತಿಗೆ. "ಬೇಡ ಅಂದ್ಲು, ಬಿಟ್ಟ. ಬೆನ್ನು ಹತ್ತಲಿಲ್ಲ. ಅಂಥವನು ಸಿಗೋದು ಕಷ್ಟ ಕಣೇ. ಇನ್ನು ನೀನೇ ಹೋಗ್ಬೇಕು."

"ನಾನು ಹೇಗೆ ಹೇಳ್ಲಿ ಅತ್ತಿಗೆ? ನಾಚಿಕೆ ಆಗುತ್ತೆ."

"ನಾಚಿಕೆ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಅವನೊಬ್ಬನೇ ಇದ್ದ. ಪಾಚಿಯ ಟ್ರೇಗಳಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ರಜೆ ದಿನ ಬಂದಿದೀರಾ?"

"ಆವತ್ತು ನೀವು ಮನೆಗೆ ಕರೆದಿದ್ರಲ್ಲ," ಎಂದಳು. ಅವನ ಬಹುವಚನ ಅವಳಿಗೂ ಅಂಟಿಕೊಂಡಿತ್ತು. "ಅದು..."

"ಅದರ ಬಗ್ಗೆ ಚಿಂತೆ ಬೇಡ. ಮನೇಲಿ ಯಾರಿಗೂ ಹೇಳಿಲ್ಲ. ದಿನಾ ಎದುರಿಗೆ ನಿಂತು ನಿಮಗೆ ಕಸಿವಿಸಿ ಆಗಬಾರದು ಅಂತ್ಲೇ ಆ ಕಡೆ ಹೋಗ್ತಿರೋದು."

"ನಾನು ಬೇಡ ಅಂದಿದ್ದು ಬೇಡ ಅಂತಲ್ಲ."

ಅವನ ಕೈಯ ಬಟ್ಟೆ ಅರ್ಧಕ್ಕೇ ನಿಂತಿತು. "ಹಾಗಂದ್ರೆ?"

ದಾರಿಯುದ್ದಕ್ಕೂ ಸೆಮಿನಾರಿಗೆ ತಯಾರಾದಂತೆ ತಯಾರಾಗಿ ಬಂದಿದ್ದಳು. ಎಲ್ಲವೂ ಅಡಿಮೇಲಾಗಿ ಹೊರಬಂತು. "ಮೊದಲು ಯಾವುದಕ್ಕಾದ್ರೂ ಬೇಡ ಅಂತೀವಿ ನಾವು. ಟೀಗೂ ಅಂತೀನಿ, ಕೇಕಿಗೂ ಅಂತೀನಿ. ನೀವು ಇನ್ನೊಂದು ಸಲ ಕೇಳ್ತೀರ ಅಂತ ಅಲ್ಲೇ ನಿಂತಿದ್ದೆ, ಕಿಟಕಿ ಹತ್ರ. ನೀವು ಟ್ರೇ ತಗೊಂಡು ಹೋಗ್ಬಿಟ್ರಿ."

ಅವನು ಸ್ಟೂಲು ಎಳೆದುಕೊಂಡು ಕೂತ. "ನಾನು ಟೀ ಕೇಳಿರಲಿಲ್ಲವಲ್ಲ."

"ಗೊತ್ತು."

"ಬೇಡ ಅಂದವರನ್ನ ಮತ್ತೆ ಕೇಳೋದು ಕಾಟ ಕೊಟ್ಟ ಹಾಗೆ. ಚಿಕ್ಕಂದಿನಿಂದ ಹೇಳ್ಕೊಟ್ಟಿದಾರೆ ನಂಗೆ."

"ಸರಿಯಾಗೇ ಹೇಳ್ಕೊಟ್ಟಿದಾರೆ," ಎಂದಳು ಅವಳು. "ನೀವು ಮಾಡಿದ್ದು ಸರಿ."

ಅವನು ಅವಳನ್ನು ನೋಡಿದ. ಮೂಗಿನ ತುದಿಯ ಬೆವರು, ಬಿಗಿಹಿಡಿದ ಬ್ಯಾಗಿನ ಪಟ್ಟಿ, ಒಂದು ಕಾಲ ಮೇಲಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದ ಭಾರ. "ಹಾಗಾದ್ರೆ ಈಗ ಇನ್ನೊಂದು ಸಲ ಕೇಳ್ಬೇಕಾ?"

"ಬೇಡ." ಅವನ ಮುಖ ಇಳಿಯುವ ಮೊದಲೇ ಅವಳು ಒಂದು ಹೆಜ್ಜೆ ಮುಂದಿಟ್ಟಳು. "ಇದು ನಿಜವಾದ ಬೇಡ. ನೀವು ಕೇಳೋದು ಬೇಡ. ನಾನೇ ಹೇಳ್ತೀನಿ."

ಇಷ್ಟು ವರ್ಷದಲ್ಲಿ ಹೊಸ ಬಟ್ಟೆಗಾಗಲೀ ಇನ್ನೊಂದು ತುತ್ತಿಗಾಗಲೀ ಬಾಯಿಬಿಟ್ಟು ಆಡದ ಮಾತು ಅದು. ತೆಗೆದು ಕೊಟ್ಟದ್ದನ್ನು ಒಪ್ಪಿಕೊಂಡು ಬೆಳೆದವಳು. ಉಸಿರೆಳೆದುಕೊಂಡಳು.

"ನಂಗೆ ನೀನು ಬೇಕು."

ಮೂಲೆಯ ಫ್ರಿಜ್ಜು ಗುಂಯ್ ಎಂದು ಶುರುವಾಯಿತು. ಅವನ ಕಿವಿಗಳು ಮೊದಲು ಕೆಂಪಾದವು, ಆಮೇಲೆ ಕೆನ್ನೆ, ಆಮೇಲೆ ಕತ್ತು. ಬಾಯಿ ತೆರೆದ. ಹೊರಬಂದದ್ದು ಅಜ್ಜಿಯ ದನಿಯೇ.

"ಅಯ್ಯೋ ನನ್ ಕಂದ. ಇಷ್ಟು ಹೇಳೋಕೆ ಜೀವ ಹಿಂಡಿಬಿಟ್ಯಲ್ಲೇ."

ಅವಳು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು. ಅಂಗಿಯ ತೋಳಿನಿಂದ ಒರೆಸಿಕೊಂಡಳು.

"ಸೋಮವಾರ ಹೋಗ್ಲೇಬೇಕಾ?"

"ಹೋಗ್ಲೇಬೇಕು. ಒಪ್ಕೊಂಡಾಗಿದೆ. ನನ್ನದೇ ಪೆದ್ದುತನ."

"ಬಸ್ಸಿದೆ ತಾನೇ?"

"ಎರಡು ಗಂಟೆ ದಾರಿ."

"ಎರಡು ಗಂಟೆ ಏನು ಮಹಾ. ನಾಳೆ ನಿಮ್ಮನೆಗೆ ಎಷ್ಟು ಹೊತ್ತಿಗೆ ಬರ್ಲಿ?"

ಅವನು ಉತ್ತರ ಕೊಡುವ ಮೊದಲೇ ಫೋನ್ ತೆಗೆದು ತಾಯಿಗೆ ಕರೆ ಮಾಡಿದ. ಅತ್ತ ಕಡೆಯವರು ಏನು ಕೇಳಿದರೋ, "ಹೂಂ ಅಮ್ಮಾ, ಅವಳೇ," ಎಂದು ಮೂರು ಸಲ ಹೇಳಿದ. ಹಾಗಾದರೆ ಮನೆಯಲ್ಲಿ ಯಾರಿಗೂ ಹೇಳಿಲ್ಲ ಎಂಬುದು ಪೂರ್ತಿ ನಿಜವಲ್ಲ ಎಂದು ಅವಳು ಗಮನಿಸಿದಳು.

ದೊಡ್ಡ ಟ್ರೇಯೊಂದನ್ನು ಕೆಳಗಿನ ವ್ಯಾನಿಗೆ ಸಾಗಿಸಬೇಕಿತ್ತು. ಲಿಫ್ಟಿನಲ್ಲಿ ಹಿಡಿಸಲಿಲ್ಲ. ಒಂದು ಕಡೆ ಅವನು, ಇನ್ನೊಂದು ಕಡೆ ಅವಳು. ಅವನು ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಿದ್ದ. ತಿರುವಿನ ಕಿಟಕಿಯಿಂದ ಬಿಸಿಲು ಬಿದ್ದಾಗ ಅವಳ ಮುಖ ನೋಡುತ್ತಾ ಮೆಟ್ಟಿಲು ಮರೆತು ತಡವರಿಸಿದ.

"ಕೆಳಗೆ ನೋಡು," ಎಂದಳು.

"ನೀನೇ ನೋಡಿ ಹೇಳು. ನಂಗೆ ಈಗ ಪುರುಸೊತ್ತಿಲ್ಲ."

ಇಬ್ಬರ ಕೈಯೂ ತುಂಬಿತ್ತು. ಒಬ್ಬರನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಆತುರವೇನೂ ಇಲ್ಲದವರಂತೆ, ಅವಳು ಹೇಳಿದ ಹಾಗೆ, ಅವನು ಒಂದೊಂದೇ ಮೆಟ್ಟಿಲು ಇಳಿದ.