ಎಲಿಸ್ ಮೆಚ್ಚಿದವರು ಊರಲ್ಲಿ ಉಳಿಯುವುದಿಲ್ಲ

"ಲೋ ಎಲಿಸ್, ನಿನ್ ಕಾಲಿಗೆ ಬೀಳ್ತೀನಿ ಕಣೋ. ಆ ಡೆಸ್ಮಂಡ್‌ನ ಸ್ವಲ್ಪ ಇಷ್ಟಪಡೋ!"

ಸ್ಕೂಲ್ ಬಸ್ಸಿನ ಹಿಂದಿನ ಸೀಟಿನಲ್ಲಿ ಡೆಕ್ಲನ್ ಕೈಮುಗಿದು ಗೋಗರೆಯುತ್ತಿದ್ದ.

"ಆಗಲ್ಲಪ್ಪ," ಎಂದ ಎಲಿಸ್. "ಅವನಿಗೆ ಬಾಲ್ ಹಿಡಿಯೋಕೇ ಬರಲ್ಲ. ಹೇಗೆ ಇಷ್ಟಪಡಲಿ?"

"ಅದಕ್ಕೇ ಹೇಳ್ತಿರೋದು ದಡ್ಡ! ನೀನು ಇಷ್ಟಪಟ್ರೆ ತಾನೇ ಅವನು ನಮ್ಮೂರ ಕಾಲೇಜು ಬಿಟ್ಟು ಹೋಗೋದು?" ಎಂದಳು ಪಕ್ಕದಲ್ಲಿದ್ದ ಮಾರ್ಗೋ. ಅವಳು ಗುಟ್ಟು ಹೇಳಿದರೂ ಬಸ್ಸಿನ ಡ್ರೈವರಿಗೆ ಕೇಳಿಸುತ್ತದೆ.

ಮಾರ್ಗೋ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಎರಡನೇ ಕ್ಲಾಸಿನಲ್ಲಿದ್ದಾಗ ಎಲಿಸ್ ನಮ್ಮೂರು ಹಾರ್ಲನ್ ಫಾಲ್ಸ್‌ನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನ ಟ್ರೇ ಎಂಬವನನ್ನು ಮೆಚ್ಚಿದ. ಹಟ ಹಿಡಿದು ಅವನ ಹೆಸರಿನ ಜರ್ಸಿ ಕೊಡಿಸಿಕೊಂಡ. ಸೀಸನ್ ಮುಗಿಯುತ್ತಲೇ ಟ್ರೇ ಪೋರ್ಟಲಿಗೆ ಹೆಸರು ಕೊಟ್ಟುಬಿಟ್ಟ. 'ನಾನು ಈ ಕಾಲೇಜು ಬಿಡ್ತೀನಿ, ಬೇಕಾದವರು ಕರ್ಕೊಳ್ಳಿ' ಎಂದು ಆಟಗಾರರು ಹೆಸರು ಬರೆಸುವ ಜಾಗವೇ ಪೋರ್ಟಲ್. ದೊಡ್ಡ ಕಾಲೇಜಿನವರೊಬ್ಬರು ಅವನನ್ನು ಎತ್ತಿಕೊಂಡು ಹೋದರು.

ಮೂರನೇ ಕ್ಲಾಸಿನಲ್ಲಿ ಎಲಿಸ್ ಕೀಟನ್‌ನನ್ನು ಮೆಚ್ಚಿದ. ಅವನೂ ಹೋದ. ನಾಲ್ಕನೇ ಕ್ಲಾಸಿನಲ್ಲಿ, ಲಿಥುವೇನಿಯಾದಿಂದ ಬಂದಿದ್ದ ಯೋನಾಸ್. ಅವನಂತೂ ಜರ್ಸಿ ಮೊದಲ ಸಲ ಒಗೆತಕ್ಕೆ ಬೀಳುವ ಮುಂಚೆಯೇ ಹೋದ. ಮೂರು ಜರ್ಸಿಗಳೂ ಈಗ ಎಲಿಸ್ ರಾತ್ರಿ ಮಲಗುವಾಗ ಹಾಕಿಕೊಳ್ಳುವ ಅಂಗಿಗಳಾಗಿವೆ.

ನಿಜ ಹೇಳಬೇಕೆಂದರೆ, ನಮ್ಮೂರಿನಲ್ಲಿ ಚೆನ್ನಾಗಿ ಆಡುವವರೆಲ್ಲ ಹೋಗುತ್ತಾರೆ. ಎಲಿಸ್ ಹುಟ್ಟದೇ ಇದ್ದಿದ್ದರೂ ಹೋಗುತ್ತಿದ್ದರು. ಆದರೆ ಇಡೀ ಊರಿನ ದುರದೃಷ್ಟಕ್ಕೆ ಒಬ್ಬ ಹೊಣೆಗಾರ ಸಿಕ್ಕರೆ ಯಾರು ಬಿಡುತ್ತಾರೆ? 'ಎಲಿಸ್‌ನ ಕಣ್ಣು ಬಿತ್ತು' ಎಂದರೆ ಸಾಕಲ್ಲ. ಎಲಿಸ್‌ಗೂ ಒಳಗೊಳಗೇ ಒಂದಿಷ್ಟು ಜಂಬವಿತ್ತು. ಕಾಲೇಜು ಟೀಮಿನಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವ ಶಕ್ತಿ ಎಷ್ಟು ಜನ ಐದನೇ ಕ್ಲಾಸಿನವರಿಗಿರುತ್ತದೆ?

ಇನ್ನು ಡೆಸ್ಮಂಡ್. ಏಳಡಿಗೆ ಒಂದೇ ಇಂಚು ಕಮ್ಮಿ. ಈಗಾಗಲೇ ಎರಡು ಕಾಲೇಜು ಸುತ್ತಿ ಬಂದವನು. ಕಳೆದ ಬೇಸಿಗೆಯಲ್ಲಿ ಖಾಲಿಯಾದ ಟೀಮನ್ನು ತುಂಬಿಸಲು ನಮ್ಮ ಕೋಚ್ ಪೋರ್ಟಲ್ ಜಾಲಾಡುವ ಹೊತ್ತಿಗೆ ಒಳ್ಳೆಯವರೆಲ್ಲ ಹೋಗಿಬಿಟ್ಟಿದ್ದರು. ಸಂತೆ ಮುಗಿಯುವ ಹೊತ್ತಿಗೆ ಹೋದವನಿಗೆ ಎಂಥ ಟೊಮೇಟೊ ಸಿಗುತ್ತದೋ ಅಂಥವನೇ ಸಿಕ್ಕಿದ. ಪಾಸ್ ಕೊಟ್ಟರೆ ಬಾಲು ಅವನ ಕೈಗೆ ಬಡಿದು ಹೊರಗೆ ಹಾರುತ್ತಿತ್ತು. ಫ್ರೀ ಥ್ರೋ ಎಸೆದರೆ, ಬಾಲು ಬಡಿದೀತೆಂದು ಅಂಕಣದ ಬದಿಯಲ್ಲಿ ಕುಣಿಯುವ ಚಿಯರ್‌ಲೀಡರ್‌ಗಳು ತಲೆ ಬಗ್ಗಿಸುತ್ತಿದ್ದರು.

"ಸರಿ," ಎಂದ ಎಲಿಸ್ ಕೊನೆಗೆ, ದೊಡ್ಡ ಮನಸ್ಸು ಮಾಡಿ. "ಟೀಮಿಗೋಸ್ಕರ ಇಷ್ಟಪಡ್ತೀನಿ."

ಶನಿವಾರದ ಮ್ಯಾಚಿಗೆ ಅವನು ದೊಡ್ಡ ರಟ್ಟಿನ ಬೋರ್ಡ್ ಮಾಡಿಕೊಂಡು ಹೋದ. 'ಡೆಸ್ಮಂಡ್ ನನ್ನ ಹೀರೋ' ಎಂದು ಹೊಳೆಯುವ ಪೇಂಟಿನಲ್ಲಿ ಬರೆದಿದ್ದ. ನಮ್ಮ ಟೀಮಿನ ಹೆಸರು ನೀರುನಾಯಿಗಳು. ಅವತ್ತು ನೀರುನಾಯಿಗಳು ಸೋಲುವುದು ಖಾತ್ರಿಯಾದ ಮೇಲೆ, ಇನ್ನೇನು ಆಟ ಮುಗಿಯಬೇಕು ಎನ್ನುವಾಗ, ಕೋಚ್ ಡೆಸ್ಮಂಡ್‌ನನ್ನು ಒಳಗೆ ಕಳಿಸಿದರು.

"ಡೆಸ್ಮಂಡ್! ಡೆಸ್ಮಂಡ್!" ಎಲಿಸ್ ಗಂಟಲು ಹರಿಯುವಂತೆ ಕೂಗಿದ.

ಡೆಸ್ಮಂಡ್ ಬೋರ್ಡ್ ನೋಡಿದ. ಇನ್ನೊಬ್ಬ ಡೆಸ್ಮಂಡ್ ಇದ್ದಾನೇನೋ ಎಂದು ಹಿಂದೆ ತಿರುಗಿಯೂ ನೋಡಿದ. ಆಮೇಲೆ ಮೆಲ್ಲಗೆ ಕೈ ಬೀಸಿದ. ಅಷ್ಟರಲ್ಲಿ ಅವನಿಗೆ ಬಂದ ಪಾಸು ಕಿವಿಗೆ ಬಡಿಯಿತು.

"ಸೂಪರ್!" ಎಂದಳು ಮಾರ್ಗೋ. "ಕೆಲಸ ಮಾಡ್ತಿದೆ! ಬೇಸಿಗೆಗೆ ಇವನು ಹೋದ ಅಂತಲೇ ಲೆಕ್ಕ!"

ಸುತ್ತಲಿನವರೆಲ್ಲ ತಿರುಗಿ ನೋಡಿದರು.

ಎಲಿಸ್‌ನ ಅಮ್ಮ ಮ್ಯಾಚು ನಡೆಯುವ ಕಾಲೇಜಿನ ಜಿಮ್‌ನಲ್ಲಿ ಟಿಕೆಟ್ ಕೌಂಟರ್ ನೋಡಿಕೊಳ್ಳುತ್ತಾರೆ. ಸ್ಕೂಲು ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೆ ಅವನು ಅಲ್ಲೇ ಹೋಮ್‌ವರ್ಕ್ ಮಾಡುತ್ತ ಕೂರಬೇಕು. ಸೋಮವಾರ ಅವನು ಭಾಗಾಕಾರದ ಜೊತೆ ಗುದ್ದಾಡುತ್ತಿದ್ದಾಗ ತಲೆಯ ಮೇಲೆ ನೆರಳು ಬಿತ್ತು.

"ಏ ಬೋರ್ಡ್ ಹುಡುಗ! ನೀನೇ ತಾನೇ?" ಎಂದ ಡೆಸ್ಮಂಡ್. "ಬಾ ಮರಿ, ಬಾಲ್ ಹೆಕ್ಕಿಕೊಡು. ನಂಗೆ ಹೆಕ್ಕಿಕೊಡೋರು ಜಾಸ್ತಿ ಜನ ಬೇಕಾಗ್ತಾರೆ, ಯಾಕೇಂದ್ರೆ ನನ್ನ ಬಾಲ್ ಎಲ್ಲಿಗೆ ಬೇಕಾದ್ರೂ ಹೋಗತ್ತೆ."

ಅಂಕಣದಲ್ಲಿ ಸಹಾಯಕ ಕೋಚ್ ಹಿಗ್ಗಿನ್ಸ್ ಕಾಯುತ್ತಿದ್ದರು. ಕುಳ್ಳಗಿನ, ಸದಾ ಗೊಣಗುವ ಮುದುಕ. ಅವರ ಬಕೆಟ್ಟಿನ ತುಂಬ ಟೆನಿಸ್ ಬಾಲುಗಳಿದ್ದವು. ಅವರು ಒಂದೊಂದಾಗಿ ಎಸೆಯಬೇಕು, ಡೆಸ್ಮಂಡ್ ಒಂದೇ ಕೈಯಲ್ಲಿ ಹಿಡಿಯಬೇಕು.

"ಕೈ ಮೆತ್ತಗಿರ್ಲಿ! ಬಾಲನ್ನ ಹೊಡೀಬೇಡ, ಬರಮಾಡ್ಕೋ!" ಎಂದು ಹಿಗ್ಗಿನ್ಸ್ ಗದರುತ್ತಿದ್ದರು. "ನಮ್ಮನೆ ಬಾಗಿಲೂ ನಿನಗಿಂತ ಚೆನ್ನಾಗಿ ಹಿಡಿಯತ್ತೆ."

"ನಿಮ್ಮನೆ ಬಾಗಿಲಿಗೆ ಎತ್ತರ ಕಮ್ಮಿ ಕೋಚ್," ಎಂದ ಡೆಸ್ಮಂಡ್. ಮುಂದಿನ ಬಾಲು ಅವನ ಹಣೆಗೆ ಬಡಿಯಿತು. ಮೂವರೂ ನಕ್ಕರು.

ಚಳಿಗಾಲವೆಲ್ಲ ಹೀಗೇ ನಡೆಯಿತು. ಎಲಿಸ್ ಬೆಂಚುಗಳ ಕೆಳಗೆ ತೂರಿ ಬಾಲು ಹೆಕ್ಕಿದ. ಹಿಗ್ಗಿನ್ಸ್ ಎದುರಾಳಿಯ ಕೈಯ ಹಾಗೆ ಉದ್ದನೆಯ ಕಸಬರಿಗೆ ಎತ್ತಿ ಹಿಡಿದರೆ ಡೆಸ್ಮಂಡ್ ಅದರ ಮೇಲಿಂದ ಬಾಲು ಎಸೆಯುತ್ತಿದ್ದ. ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿಂದ. ಡೆಸ್ಮಂಡ್ ಗೊಣಗುತ್ತಿರಲಿಲ್ಲ. ರಾಗವೇ ಇಲ್ಲದ ಒಂದು ಶಿಳ್ಳೆ ಹಾಕುತ್ತ ಮತ್ತೆ ಶುರುಮಾಡುತ್ತಿದ್ದ. ಕೊನೆಗೆ ಪೀನಟ್ ಬಟರ್ ಸ್ಯಾಂಡ್‌ವಿಚ್ ಬಿಚ್ಚಿ ಅರ್ಧ ಎಲಿಸ್‌ಗೆ ಕೊಡುತ್ತಿದ್ದ. ಭಾಗಾಕಾರವನ್ನೂ ಹೇಳಿಕೊಡುತ್ತಿದ್ದ. ಬಾಲಿಗಿಂತ ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಜನವರಿ ಕೊನೆಯ ಒಂದು ಮಧ್ಯಾಹ್ನ ಎಲಿಸ್‌ಗೆ ಒಂದು ವಿಷಯ ಹೊಳೆಯಿತು. ಕ್ಲಾಸಿನ ಗಡಿಯಾರವನ್ನು ಅವನು ಮತ್ತೆ ಮತ್ತೆ ನೋಡುತ್ತಿದ್ದ. ಜಿಮ್‌ಗೆ ಹೋಗಲು ಅವನು ತುದಿಗಾಲಲ್ಲಿ ನಿಂತಿದ್ದ. ಅಯ್ಯೋ ದೇವರೇ! ನಾಟಕದ ಇಷ್ಟ ನಿಜವಾದ ಇಷ್ಟವಾಗಿಬಿಟ್ಟಿದೆ!

ಅದೇ ಹೊತ್ತಿಗೆ ಇನ್ನೊಂದು ಎಡವಟ್ಟೂ ಆಯಿತು. ಡೆಸ್ಮಂಡ್ ಚೆನ್ನಾಗಿ ಆಡತೊಡಗಿದ. ಮೊದಲು ಪಾಸು ಹಿಡಿದ. ಆಮೇಲೆ ರಿಂಗಿನ ಕೆಳಗೆ ಮೂವರ ನಡುವಿನಿಂದ ಬಾಲು ಕಿತ್ತುಕೊಂಡ. ಫೆಬ್ರವರಿಯಲ್ಲಿ ಅವನು ಆಟ ಶುರುಮಾಡುವ ಮೊದಲ ಐವರಲ್ಲಿ ಒಬ್ಬನಾದ. ನೀರುನಾಯಿಗಳು ಗೆಲ್ಲತೊಡಗಿದವು. ಮೊದಲು ಅವನನ್ನು ಬೈಯುತ್ತಿದ್ದ ಊರಿನವರೆಲ್ಲ 'ನಾನು ಅವತ್ತೇ ಹೇಳಿರಲಿಲ್ವಾ' ಎನ್ನತೊಡಗಿದರು. ಅವತ್ತು ಯಾರೂ ಏನೂ ಹೇಳಿರಲಿಲ್ಲ.

ಡೆಕ್ಲನ್ ಓಡಿಬಂದು ಎಲಿಸ್‌ನ ತೋಳು ಹಿಡಿದ. "ಲೋ, ನಿಲ್ಸೋ! ಇಷ್ಟಪಡೋದು ಈಗ್ಲೇ ನಿಲ್ಸೋ! ಅವನು ಹೋದ್ರೆ ನಮ್ಮ ಗತಿ ಏನು?"

"ನೀನೇ ತಾನೇ ಇಷ್ಟಪಡು ಅಂದಿದ್ದು?"

"ಅದು ಹಳೇ ಡೆಸ್ಮಂಡ್‌ನ! ಈ ಡೆಸ್ಮಂಡ್‌ನ ಅಲ್ಲ!"

ಮಾರ್ಗೋ ಪರಿಹಾರ ಕಂಡುಹಿಡಿದಳು. "ಇವತ್ತಿಂದ ಅವನನ್ನ ದ್ವೇಷ ಮಾಡು. ಬೇಗ ಬೇಗ ಮಾಡಿದ್ರೆ ಸರಿಹೋಗ್ಬಹುದು."

ಎಲಿಸ್ ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಡೆಸ್ಮಂಡ್‌ನ ಸಾಕ್ಸಿನ ವಾಸನೆ ನೆನಪು ಮಾಡಿಕೊಂಡ. ಕಿವಿ ತೂತಾಗಿಸುವ ಆ ಶಿಳ್ಳೆ ನೆನಪು ಮಾಡಿಕೊಂಡ. ಹುಬ್ಬು ಗಂಟಿಕ್ಕಿಕೊಂಡೇ ಜಿಮ್‌ಗೆ ಹೋದ.

"ಯಾಕೆ ಮರಿ, ಹೊಟ್ಟೆನೋವಾ?" ಎಂದ ಡೆಸ್ಮಂಡ್, ಸ್ಯಾಂಡ್‌ವಿಚ್ಚಿನ ದೊಡ್ಡ ಅರ್ಧವನ್ನು ಮುಂದೆ ಹಿಡಿಯುತ್ತ.

ದ್ವೇಷದ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು.

ಏಪ್ರಿಲ್ ಬಂತು. ಒಂದು ಬೆಳಿಗ್ಗೆ ಬಸ್ ಹತ್ತಿದಾಗ ಯಾರೂ ಎಲಿಸ್‌ಗೆ ಜಾಗ ಬಿಡಲಿಲ್ಲ.

"ತಿಂದುಬಿಟ್ಯಲ್ಲೋ ನಮ್ಮ ಟೀಮನ್ನ!" ಎಂದ ಡೆಕ್ಲನ್. ಅವನ ಕಣ್ಣು ಕೆಂಪಾಗಿತ್ತು. "ಡೆಸ್ಮಂಡ್ ಪೋರ್ಟಲಿಗೆ ಹೆಸರು ಕೊಟ್ಟನಂತೆ. ಬ್ರಾಂಟ್‌ವಿಲ್‌ಗೆ ಹೋಗ್ತಾನಂತೆ. ಬ್ರಾಂಟ್‌ವಿಲ್‌ಗೆ!"

ಬ್ರಾಂಟ್‌ವಿಲ್ ಕಾಲೇಜಿಗೂ ನಮ್ಮೂರಿನವರಿಗೂ ಹಾವು ಮುಂಗುಸಿಯ ಸಂಬಂಧ. ಎಲಿಸ್ ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ಇಷ್ಟು ದಿನ ತಮಾಷೆಯಾಗಿದ್ದ ಅವನ 'ಶಕ್ತಿ' ಈಗ ಅವನಿಗೇ ಬೇಡವಾಗಿತ್ತು. ಅವನು ಸ್ಕೂಲಿನಲ್ಲಿ ಊಟವನ್ನೂ ಮುಟ್ಟಲಿಲ್ಲ.

ಸಂಜೆ ಜಿಮ್‌ನಲ್ಲಿ ಡೆಸ್ಮಂಡ್ ತನ್ನ ಲಾಕರಿನ ಸಾಮಾನನ್ನು ಚೀಲಕ್ಕೆ ತುರುಕುತ್ತಿದ್ದ. ಹಿಗ್ಗಿನ್ಸ್ ಟೆನಿಸ್ ಬಾಲುಗಳನ್ನು ಒರೆಸುತ್ತಿದ್ದರು. ಅವು ಕೊಳೆಯಾಗಿರಲಿಲ್ಲ.

"ಹೋಗ್ಬೇಡಿ," ಎಂದ ಎಲಿಸ್.

ಡೆಸ್ಮಂಡ್ ತಿರುಗಿದ.

"ನನ್ನಿಂದಾನೇ ಹೀಗಾಯ್ತು," ಎಂದು ಎಲಿಸ್ ಒಂದೇ ಉಸಿರಿನಲ್ಲಿ ಶುರುಮಾಡಿದ. "ನಾನು ಇಷ್ಟಪಟ್ಟವರೆಲ್ಲ ಹೋಗ್ತಾರೆ. ನೀವು ಹೋಗ್ಲಿ ಅಂತಾನೇ ಬೋರ್ಡ್ ಹಿಡಿದಿದ್ದೆ. ಆಮೇಲೆ ನಿಜವಾಗ್ಲೂ ಇಷ್ಟ ಆಗೋಯ್ತು. ದ್ವೇಷ ಮಾಡೋಣ ಅಂದ್ರೆ ಆಗ್ಲಿಲ್ಲ."

ಡೆಸ್ಮಂಡ್ ಜೋರಾಗಿ ನಕ್ಕುಬಿಟ್ಟ. "ಗೊತ್ತು ಕಣೋ. ಮೊದಲನೇ ದಿನಾನೇ ಗೊತ್ತಿತ್ತು. ನಿನ್ನ ಫ್ರೆಂಡಿನ ಗಂಟಲು ಕಮ್ಮಿಯಾ? ಇಡೀ ಜಿಮ್‌ಗೇ ಕೇಳಿಸ್ತು."

ಎಲಿಸ್‌ನ ಮುಖ ಟೊಮೇಟೊ ಸಾಸಿನಂತಾಯಿತು. "ಗೊತ್ತಿದ್ದೂ ನನ್ನ ಯಾಕೆ ಕರೆದ್ರಿ?"

"ತೊಲಗ್ಲಿ ಅಂತಾನಾದ್ರೂ ನನ್ನ ಹೆಸರು ಕೂಗಿದವನು ನೀನೊಬ್ಬನೇ. ನಾನು ಇರ್ಲಿ ಅಂತ ಆವಾಗ ಯಾರೂ ಬಂದಿರ್ಲಿಲ್ಲ. ಇದ್ದೊಬ್ಬ ಫ್ಯಾನನ್ನ ಬಿಟ್ಕೊಡೋಕಾಗತ್ತಾ?" ಡೆಸ್ಮಂಡ್ ಬಗ್ಗಿ ಕೂತ. ಆಗ ಅವರಿಬ್ಬರ ಮುಖ ಸಮಸಮವಾಯಿತು. "ನೋಡು ಎಲಿಸ್, ಮೊದಲಿನ ಎರಡು ಕಾಲೇಜಿನವರು ನನ್ನ ಕಳಿಸಿದ್ರು. ನೀನು ಬೇಡ, ಬೇರೆ ಎಲ್ಲಾದ್ರೂ ನೋಡ್ಕೋ ಅಂದ್ರು. ಇದೇ ಮೊದಲ್ನೇ ಸಲ ನೀನೇ ಬೇಕು ಅಂತ ನನ್ನನ್ನ ಯಾರೋ ಕರೀತಿದಾರೆ. ದೊಡ್ಡ ಟೀಮು. ನಂಗೆ ಹೋಗ್ಬೇಕು ಅನ್ನಿಸ್ತಿದೆ. ಇಲ್ಲೇ ಇರ್ಬೇಕು ಅಂತಾನೂ ಅನ್ನಿಸ್ತಿದೆ. ಏನ್ ಮಾಡ್ಲಿ?"

ಎಲಿಸ್‌ಗೆ ಹೋಗ್ಬೇಡಿ ಎಂದು ಇನ್ನೊಂದು ಸಲ ಹೇಳಲು ಬಾಯಿ ಬರಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು.

"ನನ್ನ ಹಣೆಬರಹವೇ ಇದು," ಎಂದು ಗೊಣಗಿದರು ಹಿಗ್ಗಿನ್ಸ್. "ಕಲಿಸಿದ್ರೆ ಓಡಿಹೋಗ್ತಾರೆ. ಕಲಿಸದೇ ಹೋದ್ರೆ ಇಲ್ಲೇ ಇರ್ತಾರೆ, ಇದ್ದು ಚಿಯರ್‌ಲೀಡರ್‌ಗಳ ಕಡೆ ಬಾಲ್ ಎಸೀತಾರೆ." ಅವರು ಮೂಗು ಒರೆಸಿಕೊಂಡರು. "ಅಲ್ಲಿ ಹೋಗಿ ನನ್ನ ಮಾನ ಕಳೀಬೇಡ. ಕೈ ಮೆತ್ತಗಿರ್ಲಿ."

ನವೆಂಬರಿನಲ್ಲಿ ಹೊಸ ಸೀಸನ್ ಶುರುವಾಯಿತು. ನೀರುನಾಯಿಗಳು ಬ್ರಾಂಟ್‌ವಿಲ್‌ಗೆ ಹೋಗಿ ಆಡುವ ದಿನ ಊರಿಗೆ ಊರೇ ರೋಸಾಲಿಯ ಪಿಜ್ಜಾ ಅಂಗಡಿಯ ಟೀವಿ ಮುಂದೆ ಸೇರಿತ್ತು. ಎಲಿಸ್‌ನನ್ನೂ ಅವನ ಗೆಳೆಯರನ್ನೂ ಅಪ್ಪ ಕರೆದುಕೊಂಡು ಬಂದಿದ್ದರು. ಡೆಸ್ಮಂಡ್ ಬ್ರಾಂಟ್‌ವಿಲ್‌ನ ಕೆಂಪು ಬಟ್ಟೆಯಲ್ಲಿ ಕಾಣಿಸಿದ್ದೇ ಅಂಗಡಿಯೆಲ್ಲ "ಬೂ!" ಎಂದಿತು. ಡೆಕ್ಲನ್ ಎಲ್ಲರಿಗಿಂತ ಜೋರಾಗಿ ಕೂಗಿದ.

ಎಲಿಸ್‌ಗೂ ಕೂಗಬೇಕೆನ್ನಿಸಿತು. ಬಾಯಿಯನ್ನೂ ತೆರೆದ. ಆಮೇಲೆ ಅದಕ್ಕೆ ಪಿಜ್ಜಾ ತುಂಡು ತುರುಕಿ ಮುಚ್ಚಿಕೊಂಡ.

ಆಟ ಮುಗಿಯಲು ಕೆಲವೇ ಸೆಕೆಂಡು ಇದ್ದಾಗ ನೀರುನಾಯಿಗಳು ಒಂದೇ ಪಾಯಿಂಟಿನಿಂದ ಹಿಂದಿದ್ದವು. ನೀರುನಾಯಿಗಳ ಹುಡುಗ ಎಸೆದ ಬಾಲು ರಿಂಗಿಗೆ ಬಡಿದು ಮೇಲೆ ಚಿಮ್ಮಿತು. ಕೈಗಳ ಒಂದು ಕಾಡೇ ಮೇಲೆದ್ದಿತು. ಆ ಕಾಡಿನೊಳಗಿಂದ ಒಂದು ಉದ್ದನೆಯ ಕೈ ಎಲ್ಲರಿಗಿಂತ ಮೇಲೆ ಹೋಗಿ, ಹೂವನ್ನು ಬಿಡಿಸಿಕೊಳ್ಳುವ ಹಾಗೆ ಬಾಲನ್ನು ಎತ್ತಿಕೊಂಡಿತು.

ಅಂಗಡಿಯೆಲ್ಲ "ಛೇ!" ಎಂದಿತು. ಆಮೇಲೆ ಸದ್ದಡಗಿತು. ಆ ಮೌನದಲ್ಲಿ ಚಪ್ಪಾಳೆಯೊಂದು ಕೇಳಿಸುತ್ತಿತ್ತು. ಅದು ತನ್ನದೇ ಎಂದು ಎಲಿಸ್‌ಗೆ ತಿಳಿಯಲು ಒಂದು ಕ್ಷಣ ಬೇಕಾಯಿತು.

"ಏ ಹುಡುಗ!" ಎಂದಳು ಕೌಂಟರಿನ ಹಿಂದಿನಿಂದ ರೋಸಾಲಿ. "ಯಾವ ಕಡೆಯವನೋ ನೀನು?"

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಎಲಿಸ್ ಯೋಚಿಸಿದ. ನೀರುನಾಯಿಗಳು ಸೋಲುತ್ತಿರುವುದಕ್ಕೆ ಅವನಿಗೆ ಸಂಕಟವಾಗುತ್ತಿತ್ತು. ಅದು ಸುಳ್ಳಲ್ಲ. ಆ ಕೈ ಬಾಲನ್ನು ಎತ್ತಿಕೊಂಡಾಗ ಎದೆ ಉಬ್ಬಿದ್ದೂ ಸುಳ್ಳಲ್ಲ.

"ಎರಡೂ ಕಡೆ," ಎಂದ.

"ಎರಡೂ ಕಡೆ ಇರೋಕಾಗಲ್ಲ ಕಣೋ!" ಎಂದಳು ಮಾರ್ಗೋ.

"ಆಗತ್ತೆ ಕಣೇ," ಎಂದ ಎಲಿಸ್. "ಸ್ವಲ್ಪ ನೋಯತ್ತೆ, ಅಷ್ಟೇ."