ಜೇಬಿನ ಮೇಲೊಂದು ಹೃ

ನಮ್ಮ ಸರ್ಕಾರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಕೋಣೆ ಇದೆ. ಮೇಲರ್ಧ ಕೆಳಗರ್ಧ ಬೇರೆ ಬೇರೆ ತೆರೆಯುವ ಬಾಗಿಲು, ಅದಕ್ಕೊಂದು ಹಲಗೆ, ಹಲಗೆಯ ಆಚೆ ಹೊಲಿಗೆ ಮೆಷಿನ್, ಮೆಷಿನ್ನಿನ ಹಿಂದೆ ನಾನು. ಆ ಮಧ್ಯಾಹ್ನ ಹಲಗೆಯ ಮೇಲೆ ಮೊದಲು ಬಂದು ಕೂತದ್ದು ಹರಿದ ಜೇಬು. ಅದರ ಯಜಮಾನ ಆಮೇಲೆ ಕಾಣಿಸಿದ.

"ಇಲ್ಲಿ ಹೊಲೀತಾರಾ?"

"ರೋಗಿಗಳ ಬಟ್ಟೆ ಮಾತ್ರ."

"ನನಗೂ ಎದೆ ಹತ್ರಾನೇ ತೊಂದ್ರೆ" ಎಂದು ನೀಲಿ ಶರ್ಟಿನ ಎಡಭಾಗ ತೋರಿಸಿದ. ಜೇಬಿದ್ದ ಜಾಗದಲ್ಲಿ ನಾಲ್ಕು ದಾರ ನೇತಾಡುತ್ತಿದ್ದವು.

ನಗು ಬಂತು, ತೋರಿಸಲಿಲ್ಲ. ಆರು ವರ್ಷ ಸರ್ಕಾರಿ ನೌಕರಿ ಮಾಡಿದವಳು ಅಷ್ಟು ಸುಲಭವಾಗಿ ನಗುವುದಿಲ್ಲ.

ಅವನ ಕೊರಳಲ್ಲಿ ಪತ್ರಿಕೆಯೊಂದರ ಗುರುತಿನ ಚೀಟಿ ಇತ್ತು. ಅಂಥ ಚೀಟಿಯವರು ಐದು ದಿನದಿಂದ ನಮ್ಮ ಗೇಟಿನ ಮುಂದೆ ಬೀಡುಬಿಟ್ಟಿದ್ದರು. ಕಾರಣ ದೊಡ್ಡಪ್ಪ. ನನ್ನ ದೊಡ್ಡಪ್ಪ ಅಲ್ಲ, ಜನರೆಲ್ಲ ಹಾಗೆ ಕರೆಯುವ ಹಿರಿಯ ಮಂತ್ರಿ. ಅವರ ಹೃದಯಕ್ಕೆ ಆಪರೇಷನ್ ಆಗಬೇಕು ಎಂಬುದು ಎಲ್ಲರಿಗೂ ಗೊತ್ತು. ಎಲ್ಲಿ ಎಂಬುದು ಯಾರಿಗೂ ಗೊತ್ತಿಲ್ಲ. "ನನಗೆ ಕಾಯಿಲೆ ಬಂದ್ರೆ ಸರ್ಕಾರಿ ಆಸ್ಪತ್ರೆಗೇ ಹೋಗೋದು" ಎಂದು ಇಪ್ಪತ್ತು ವರ್ಷ ವೇದಿಕೆಯ ಮೇಲೆ ಹೇಳಿದ ಮನುಷ್ಯ ಈಗ ಮಾತು ಉಳಿಸಿಕೊಳ್ಳುತ್ತಾರೋ, ನದಿಯಾಚೆಯ ಗಾಜಿನ ಆಸ್ಪತ್ರೆಗೆ ಹೋಗುತ್ತಾರೋ ಎಂದು ಊರೆಲ್ಲ ಲೆಕ್ಕ ಹಾಕುತ್ತಿತ್ತು. ನಾನು ಅತ್ತೆಯ ಮನೆಯಲ್ಲಿರುವುದು, ಅಪ್ಪನ ತಂಗಿ. ಅವಳ ಪ್ರಕಾರ ವಿದೇಶವೇ ಸರಿ. ದೊಡ್ಡಪ್ಪನವರ ಮನೆಯಿಂದ ಉಣ್ಣೆಯ ಕೋಟು ಲಾಂಡ್ರಿಗೆ ಬಂದಿತ್ತಂತೆ, ಇನ್ನೇನು ಸಾಕ್ಷಿ ಬೇಕು.

"ಜೇಬು ಹೇಗೆ ಹರೀತು?"

"ಆಂಬುಲೆನ್ಸ್ ಬಂತು. ದೊಡ್ಡಪ್ಪ ಇರ್ಬೇಕು ಅಂತ ಎಲ್ಲರೂ ಓಡಿದ್ರು. ನಾನು ಓಡಿದೆ, ಜೇಬು ಗೇಟಿನ ಕೊಂಡಿಯಲ್ಲೇ ಉಳೀತು."

"ಯಾರಿದ್ರು ಒಳಗೆ?"

"ನೆಲ ಒರೆಸೋ ಕೋಲುಗಳು. ಮೂವತ್ತಾರು."

ಈ ಸಲ ನಕ್ಕೇಬಿಟ್ಟೆ. ಒಂದು ಗೌನು ಕೊಟ್ಟು, ಕಪಾಟಿನ ಹಿಂದೆ ಹೋಗಿ ಹಾಕಿಕೊಂಡು ಬರುವಂತೆ ಹೇಳಿದೆ. ಅವನು ಅದನ್ನು ಕೋಟಿನ ಹಾಗೆ ಮುಂದೆ ತೆರೆದುಕೊಂಡು ಬಂದ.

"ಅದು ಹಿಂದೆ ಕಟ್ಟೋದು."

ತಿರುಗಿಸಿ ಹಾಕಿಕೊಂಡು ಬೆನ್ನ ಹಿಂದೆ ಕೈಯಾಡಿಸಿದ. ಲಾಡಿ ಸಿಗಲಿಲ್ಲ. "ಇದನ್ನ ಕಂಡುಹಿಡಿದವರಿಗೆ ಬೆನ್ನಲ್ಲಿ ಕೈ ಇತ್ತಾ?" ಎಂದು ಕೇಳಿದ.

ಎದ್ದು ಹೋಗಿ ಮೇಲಿನ ಗಂಟು ಕಟ್ಟಿದೆ. ಕ್ಷೌರದವನು ಅವಸರದಲ್ಲಿದ್ದನೇನೋ, ಕುತ್ತಿಗೆಯ ಹತ್ತಿರ ಕೂದಲು ಓರೆಯಾಗಿತ್ತು. ಅದನ್ನು ಸರಿಮಾಡಬೇಕು ಎಂದು ನನ್ನ ಬೆರಳಿಗೆ ಅನ್ನಿಸಿದ್ದು ನನಗೇ ಸರಿ ಕಾಣಲಿಲ್ಲ. ಉಳಿದೆರಡು ಗಂಟನ್ನು ಅವನಿಗೇ ಬಿಟ್ಟು ಬಂದು ಕೂತೆ.

ಸೂಜಿಗೆ ದಾರ ಪೋಣಿಸಿದೆ. ತಲೆ ಎತ್ತಿ ನೋಡಿದರೆ ಅವನ ಕಣ್ಣು ನನ್ನ ಪಕ್ಕದ ಮೇಜಿನ ಮೇಲಿತ್ತು.

ಅಲ್ಲಿ ಇನ್ನೊಂದು ಗೌನು ಇತ್ತು. ಆ ಬೆಳಿಗ್ಗೆ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಅಮ್ಮ ಬಂದು, ಇಬ್ಬರು ಹಿಡಿಸುವ ಅಳತೆಯಲ್ಲಿ ಒಂದನ್ನು ಹೊಲಿಯಲು ಹೇಳಿದ್ದರು. ದೊಡ್ಡಪ್ಪನವರ ಗಾತ್ರ ಪೋಸ್ಟರುಗಳಿಂದಲೇ ಲೋಕಕ್ಕೆ ಗೊತ್ತು. ನನ್ನ ಮುಖ ನೋಡಿಯೇ ಮೇಟ್ರನ್ ಅಮ್ಮ ಬೆರಳೆತ್ತಿದ್ದರು. "ಯಾರಿಗೆ ಅಂತ ಕೇಳ್ಬೇಡ. ಕೇಳಿದವರಿಗೆ ಹೇಳ್ಬೇಡ. ಹೊರಗೆ ಗೊತ್ತಾದ್ರೆ ಅವರು ಬೇರೆ ಕಡೆ ಹೋಗ್ತಾರೆ, ನೀನೂ ಬೇರೆ ಕಡೆ ಹೋಗ್ತೀಯ."

"ಇದು ಟೆಂಟಾ?" ಎಂದ ಪತ್ರಿಕೆಯವನು.

"ಪರದೆ."

"ಪರದೆಗೆ ತೋಳು ಯಾಕೆ?"

ನನ್ನ ಕಣ್ಣು ಅವನ ಮೇಲೇ ಇತ್ತು. ಕೈ ಮಾತ್ರ ತನ್ನಷ್ಟಕ್ಕೆ ಹೊಲಿಯುತ್ತಿತ್ತು. ಅವನು ನನ್ನ ಮುಖ ನೋಡಿದ. ಆಮೇಲೆ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತ.

"ಹೆದರ್ಕೋಬೇಡಿ. ನಾನು ಶರ್ಟ್ ಹೊಲಿಸೋಕೆ ಬಂದವನು. ಪೇಪರ್‌ನವನು ಗೇಟ್ ಹತ್ರಾನೇ ನಿಂತಿದ್ದಾನೆ."

ಅಷ್ಟು ಒಳ್ಳೆಯ ಮಾತನ್ನು ಗೋಡೆಗೆ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಗೋಡೆಯ ಮೇಲೆ ನಮ್ಮ ಕೋಣೆಯ ನಿಯಮದ ಫಲಕವಿತ್ತು, ಅವನು ಅದನ್ನು ಗಟ್ಟಿಯಾಗಿ ಓದತೊಡಗಿದ: "ವಿಭಾಗದ ಗುರುತುಳ್ಳ ಯಾವುದೇ ಬಟ್ಟೆ ಹೊರಗೆ ಕಂಡುಬಂದಲ್ಲಿ ಕೂಡಲೇ ಬಟ್ಟೆ ಕೋಣೆಗೆ ಹಿಂದಿರುಗಿಸತಕ್ಕದ್ದು." ನಾನು ಶರ್ಟನ್ನು ಗಡಿಬಿಡಿಯಲ್ಲಿ ಮಡಿಸಿ ಕೊಟ್ಟೆ.

ಕಪಾಟಿನ ಹಿಂದಿನಿಂದ ಶರ್ಟ್ ಹಾಕಿಕೊಂಡು ಬಂದವನ ಮುಖ ಕೆಂಪಗಾಗಿತ್ತು. ಜೇಬನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ.

"ಇದು... ನಿಜವಾಗ್ಲೂನಾ?"

"ಮತ್ತೆ? ನಾನು ಹಾಕಿದ್ದು ಬಿಚ್ಚಿಕೊಳ್ಳೋದಿಲ್ಲ."

"ಎಷ್ಟು ದಿನ ಇರುತ್ತೆ?"

"ನೀವು ಹಿಂಜದಿದ್ರೆ ಜೀವನಪೂರ್ತಿ ಇರುತ್ತೆ."

ಅವನು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು, ಚೌಕಟ್ಟಿಗೇ "ಸಾರಿ" ಹೇಳಿ ಹೋದ. ಹೊಲಿಗೆಯನ್ನು ಇಷ್ಟು ಮೆಚ್ಚುವ ಗಂಡಸರೂ ಇದ್ದಾರಲ್ಲ ಎಂದುಕೊಂಡೆ.

ಮರುದಿನ ಎದ್ದವಳೇ ಪತ್ರಿಕೆ ತೆರೆದೆ. ದೊಡ್ಡಪ್ಪನವರ ಆಸ್ಪತ್ರೆ ಇನ್ನೂ ಗುಟ್ಟು ಎಂದಷ್ಟೇ ಇತ್ತು. ಅವತ್ತು ಮಧ್ಯಾಹ್ನ ಅವನು ಇನ್ನೊಂದು ಅಂಗಿಯ ಗುಂಡಿ ತಂದ. ಅದರ ಮಾರನೆಯ ದಿನ ಅಂಗಿಯನ್ನೂ ತಂದ, ಗುಂಡಿಯನ್ನಷ್ಟೇ ತಂದಿದ್ದು ತಪ್ಪಾಯಿತು ಎಂದ. ಬಿಸ್ಕತ್ತಿನ ಪೊಟ್ಟಣ ಹಲಗೆಯ ಮೇಲಿಟ್ಟು ಗೇಟಿನ ಗಾಳಿಸುದ್ದಿಯೆಲ್ಲ ಹೇಳಿದ. ಗಾಜಿನ ಆಸ್ಪತ್ರೆಯ ಮುಂದೆ ಹೂಕುಂಡ ಬದಲಾಯಿಸಿದ್ದನ್ನು ಒಂದು ಚಾನೆಲ್ ಮುಕ್ಕಾಲು ಗಂಟೆ ಚರ್ಚಿಸಿತಂತೆ. ದೊಡ್ಡ ಗೌನಿನ ಸುದ್ದಿಯನ್ನು ಮಾತ್ರ ಅಪ್ಪಿತಪ್ಪಿಯೂ ಎತ್ತಲಿಲ್ಲ.

"ಆ ನೀಲಿ ಶರ್ಟ್ ಎಲ್ಲಿ?" ಎಂದು ಕೇಳಿದೆ.

"ತೆಗೆದಿಟ್ಟಿದ್ದೀನಿ. ನಾಳೆ ಹಾಕ್ಕೊಂಡು ಬರ್ತೀನಿ. ಒಂದು ವಿಷಯ ಮಾತಾಡೋದಿದೆ."

ಆ ಸಂಜೆ ಮನೆಗೆ ಹೋಗುವ ದಾರಿ ನನಗೆ ತೀರಾ ಚಿಕ್ಕದಾಯಿತು. ಒಬ್ಬ ಮನುಷ್ಯ ನನಗಾಗಿ ತನ್ನ ಕಸುಬಿನ ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾನೆ. ಅವನು ನನಗೆ ಬೇಕು. ಇದನ್ನು ಸುತ್ತಿ ಬಳಸಿ ಹೇಳುವುದೇನೂ ಇಲ್ಲ.

ನಾಳೆ ಬಂತು. ಮಧ್ಯಾಹ್ನ ಅವನಿಗಿಂತ ಮೊದಲು ಮೇಟ್ರನ್ ಅಮ್ಮ ಬಂದರು.

"ಟಿವಿಯಲ್ಲಿ ಬರ್ತಿದೆ. ದೊಡ್ಡಪ್ಪ ನಮ್ಮ ಆಸ್ಪತ್ರೆಗೇ ಬರೋದು ಖಚಿತ ಅಂತ. ಬಟ್ಟೆ ಕೋಣೆಯಿಂದ ಸುಳಿವು ಸಿಕ್ತಂತೆ. ಇಲ್ಲಿ ದಿನಾ ಬಂದು ಹರಟೆ ಹೊಡೀತಿದ್ದನಲ್ಲ, ಅವನು ಯಾರು?"

ನೀಲಿ ಶರ್ಟ್ ಹಾಕಿಕೊಂಡು ಅವನು ಬಾಗಿಲಲ್ಲೇ ನಿಂತಿದ್ದ. ನೋಟ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದಿದ್ದ.

"ಪೇಪರ್‌ನವನು ಗೇಟ್ ಹತ್ರಾನೇ ನಿಂತಿದ್ದಾನೆ ಅಂದಿದ್ರಿ" ಎಂದೆ.

"ನಾನು ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಬಟ್ಟೆ ಕೋಣೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ಅವನು ಬಾಯಿ ತೆರೆದ, ಮೇಟ್ರನ್ ಅಮ್ಮನ ಕಡೆ ನೋಡಿದ, ಬಾಯಿ ಮುಚ್ಚಿದ. ನೋಟ್‌ಬುಕ್ಕನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಅಷ್ಟು ಸಾಕಾಯಿತು ನನಗೆ. ಬಾಗಿಲಿನ ಮೇಲರ್ಧವನ್ನು ಅವನ ಮುಖಕ್ಕೇ ಹಾಕಿದೆ. ನಾಳೆ ಬೆಳಿಗ್ಗೆ ತನ್ನ ಕೋಣೆಗೆ ಬಾ ಎಂದು ಹೇಳಿ ಮೇಟ್ರನ್ ಅಮ್ಮನೂ ಹೋದರು. ದಿಂಬಿನ ಚೀಲಗಳ ರಾಶಿಗೆ ಮುಖವಿಟ್ಟು ಅತ್ತುಬಿಟ್ಟೆ. ಕೆಲಸ ಹೋಗುತ್ತದೆ ಎಂದು ಸ್ವಲ್ಪ, ಅವನು ಹಾಗೆ ಮಾಡಿದನಲ್ಲ ಎಂದು ಬಹಳ.

ಸಂಜೆ ಮನೆಯಲ್ಲಿ ಅತ್ತೆ ಟಿವಿ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು. ಉಣ್ಣೆ ಕೋಟಿನ ವಾದ ಬಿದ್ದುಹೋಗಿತ್ತು.

"ನೋಡೇ, ಗೇಟಿನ ಹತ್ರ ನಿಂತಿದ್ದ ಒಬ್ಬ ಪೇಪರ್‌ನವನ ಜೇಬನ್ನ ಮಧ್ಯಾಹ್ನದಿಂದ ತೋರಿಸ್ತಿದ್ದಾರೆ. ಅದ್ಯಾವುದೋ ಹೃದಯ ವಿಭಾಗದ ಗುರುತಂತೆ, ನಿಮ್ಮ ಬಟ್ಟೆ ಕೋಣೆಯವರು ಮಾತ್ರ ಹಾಕೋದಂತೆ. ಒಳಗಿನ ನಂಟಿಲ್ಲದೆ ಅವನ ಜೇಬಿಗೆ ಹೇಗೆ ಬಂತು ಅಂತ ಚರ್ಚೆ."

ಪರದೆಯ ತುಂಬ ನೀಲಿ ಜೇಬು. ಅದರ ಮೂಲೆಯಲ್ಲಿ ಕೆಂಪು ದಾರದ ಪುಟ್ಟ 'ಹೃ'. ಸುತ್ತ ಹಳದಿ ವೃತ್ತ, ಬಾಣದ ಗುರುತು.

"'ಹ' ಚೆನ್ನಾಗಿದೆ, ಆದ್ರೆ ವಟ್ರಸುಳಿ ನೋಡು, ಹಂದಿ ಬಾಲದ ಹಾಗೆ ಒಂದು ಸುತ್ತು ಜಾಸ್ತಿ" ಎಂದಳು ಅತ್ತೆ.

ಚಹದ ಲೋಟ ನನ್ನ ಕೈಯಲ್ಲೇ ನಿಂತಿತು. ಆ ವಟ್ರಸುಳಿ ನನ್ನದು. ಹೃದಯ ವಿಭಾಗದ ಹಾಸಿಗೆ, ಹೊದಿಕೆ, ಗೌನು ಎಲ್ಲಕ್ಕೂ ಆರು ವರ್ಷದಿಂದ ಹಾಕುತ್ತ ಬಂದದ್ದು. ಅವನು ದೊಡ್ಡ ಗೌನನ್ನು ನೋಡಿದ ಗಾಬರಿಯಲ್ಲಿ ನನ್ನ ಕೈ ಜೇಬು ಹೊಲಿದು, ರೂಢಿಯಂತೆ ಗುರುತನ್ನೂ ಹಾಕಿ ಮುಗಿಸಿತ್ತು.

ಇದು ನಿಜವಾಗ್ಲೂನಾ, ಎಷ್ಟು ದಿನ ಇರುತ್ತೆ ಎಂದು ಅವನು ಕೇಳಿದ್ದು ಹೊಲಿಗೆಯ ಬಗ್ಗೆ ಅಲ್ಲ. ಆ ಹೃ ಅಕ್ಷರದಲ್ಲಿ ಅವನೊಂದು ಓಲೆ ಓದಿಕೊಂಡಿದ್ದ. ನಾನು ಜೀವನಪೂರ್ತಿ ಎಂದು ಭರವಸೆ ಬೇರೆ ಕೊಟ್ಟಿದ್ದೆ. ಮತ್ತು ಇವತ್ತು ಮಧ್ಯಾಹ್ನ, ಮೇಟ್ರನ್ ಅಮ್ಮನಿಗೆ ಕಾಣಬಾರದೆಂದು ಆ ಜೇಬನ್ನು ಮುಚ್ಚಿ ಹಿಡಿದು, ನನ್ನ ಬೈಗುಳ ತಿಂದುಕೊಂಡು ಸುಮ್ಮನೆ ಹೋಗಿದ್ದ.

"ಅತ್ತೆ, ನಾನು ದೊಡ್ಡ ದಡ್ಡಿ."

"ಗೊತ್ತು. ಚಹ ಚೆಲ್ತಿದೆ ನೋಡು."

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಜಾತ್ರೆ. ಗುಟ್ಟು ರಟ್ಟಾದ ಮೇಲೆ ದೊಡ್ಡಪ್ಪ ಬರುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದರು. ಒಂಬತ್ತು ಗಂಟೆಗೆ ಅವರು ಹಿಂಬಾಗಿಲು ಬಿಟ್ಟು ಮುಂಬಾಗಿಲಿಗೇ ಬಂದು ಇಳಿದರು. ಮೈಕುಗಳ ಮುಂದೆ ನಿಂತು ಹೇಳಿದ್ದು ಇಷ್ಟು: "ಆಸ್ಪತ್ರೆ ಬಗ್ಗೆ ಅನುಮಾನ ಇರಲಿಲ್ಲ. ಭಯ ಇತ್ತು. ಭಯಪಡೋದನ್ನ ನೀವು ನೋಡಬಾರ್ದು ಅಂತ ಗುಟ್ಟಾಗಿಟ್ಟಿದ್ದೆ. ಈಗ ನೋಡಿದ್ರಲ್ಲ, ಇನ್ನು ಹೋಗಿ ಮಲಗ್ತೀನಿ." ಒಳಗೆ ಬಂದು ಗೌನು ತೊಟ್ಟು, ಜನ ತನ್ನನ್ನು ಇಷ್ಟು ದಪ್ಪ ಅಂದುಕೊಂಡಿದ್ದಾರಾ ಎಂದು ಮುನಿಸಿಕೊಂಡರಂತೆ.

ಅವರನ್ನು ಆಪರೇಷನ್ ಕೋಣೆಗೆ ಒಯ್ದ ಮೇಲೆ ನಾನು ಮೇಟ್ರನ್ ಅಮ್ಮನ ಮುಂದೆ ನಿಂತೆ.

"ಅವನು ಏನೂ ಹೇಳಿಲ್ಲ. ಆ ಗುರುತು ಹಾಕಿದ್ದು ನಾನು."

ಅವರು ಕನ್ನಡಕ ತೆಗೆದರು. "ಕೈ ತಪ್ಪಿ ಬಂತಾ, ಮನಸ್ಸು ತಪ್ಪಿ ಬಂತಾ?"

"ಕೈ ತಪ್ಪಿ." ಅಷ್ಟಕ್ಕೆ ನಿಲ್ಲಿಸದೆ ಹೇಳಿದೆ, "ಮನಸ್ಸು ತಪ್ಪಿದ್ದು ಆಮೇಲೆ."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಮುನ್ನೂರು ದಿಂಬಿನ ಚೀಲ ಅಂಚು ಹೊಲಿಯೋದಿದೆ. ಇವತ್ತೇ ಶುರು ಮಾಡು, ಅದೇ ಶಿಕ್ಷೆ."

"ಆಗ್ಲಿ ಅಮ್ಮ."

"ಅದಕ್ಕೆ ಮುಂಚೆ ಇನ್ನೊಂದು. ನಮ್ಮ ಗುರುತಿನ ಬಟ್ಟೆ ಹೊರಗೆ ಕಂಡ್ರೆ ನಿಯಮ ಏನು?"

"ಕೂಡಲೇ ವಾಪಸ್ ತರಬೇಕು."

"ಮತ್ತೆ ಇಲ್ಲೇ ನಿಂತಿದ್ದೀಯಲ್ಲ."

ನಾನು ಮೆಟ್ಟಿಲು ಹತ್ತಿ ಓಡಿದೆ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಗೇಟು ದಾಟುತ್ತಲೇ ಹತ್ತು ಮೈಕುಗಳು ಮೂತಿಗೆ ಬಂದವು. ಆಪರೇಷನ್ ಹೇಗೆ ನಡೀತಿದೆ, ದೊಡ್ಡಪ್ಪ ಏನು ಹೇಳಿದ್ರು, ನೀವು ಯಾರು. ಎಲ್ಲರ ಹಿಂದೆ, ಗೋಡೆಗೊರಗಿ, ಅದೇ ನೀಲಿ ಶರ್ಟಿನಲ್ಲಿ ಅವನಿದ್ದ. ಓರೆ ಕೂದಲಿನವನು. ನನ್ನನ್ನು ಕಂಡು ನೆಟ್ಟಗಾದ, ಹತ್ತಿರ ಬರಲಿಲ್ಲ.

"ನಾನು ಬಟ್ಟೆ ಕೋಣೆಯವಳು" ಎಂದೆ ಮೈಕುಗಳಿಗೆ. "ನಮ್ಮ ಗುರುತಿರೋದು ಒಂದು ಹೊರಗೆ ಉಳಿದಿದೆ. ತಗೊಂಡು ಹೋಗೋಕೆ ಬಂದೆ."

ದಾರಿ ಬಿಟ್ಟರು. ಅವನ ಮುಂದೆ ಹೋಗಿ ನಿಂತೆ. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದ, "ತಪ್ಪಿ ಹಾಕಿದ್ದಲ್ವಾ? ನಿನ್ನೆ ನಿಮ್ಮ ಮುಖ ನೋಡಿದಾಗ ಗೊತ್ತಾಯ್ತು."

"ಹೌದು. ತಪ್ಪಿಯೇ ಹಾಕಿದ್ದು."

ಅವನ ಮುಖ ಬಾಡಿತು. ಅದನ್ನು ನೋಡಿ ನನಗಾದ ಸಂತೋಷಕ್ಕೆ ದೇವರು ಕ್ಷಮಿಸಲಿ.

"ಶರ್ಟ್ ಬಿಚ್ಚಿ ಕೊಡ್ಲಾ?"

"ಶರ್ಟ್ ಒಂದೇ ಬಂದ್ರೆ ತಗೊಳ್ಳೋದಿಲ್ಲ" ಎಂದೆ. "ಒಳಗಿರೋದೂ ಬರಬೇಕು."

ಅರ್ಥವಾಗಲು ಅವನಿಗೆ ಒಂದು ಕ್ಷಣ ಬೇಕಾಯಿತು. ಕ್ಯಾಮೆರಾಗಳಿಗೆ ಅಷ್ಟೂ ಬೇಕಾಗಲಿಲ್ಲ. ನನ್ನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು, ಅತ್ತೆ. ಅವಳು ಲೈವ್ ನೋಡುತ್ತಿದ್ದಳು.

"ಯಾರೇ ಅವನು?"

"ಹಂದಿ ಬಾಲದವನು, ಅತ್ತೆ."

"ಮನೆಗೆ ಕರ್ಕೊಂಡು ಬಾ. ಆ ಜೇಬನ್ನ ನಾನು ಹತ್ತಿರದಿಂದ ನೋಡ್ಬೇಕು."

ನಾಲ್ಕು ತಾಸು ಅವನು ಬಟ್ಟೆ ಕೋಣೆಯಲ್ಲಿ ಕೂತು ದಿಂಬಿನ ಚೀಲಗಳ ಮೂಲೆ ತಿರುಗಿಸಿ ಕೊಟ್ಟ, ನಾನು ಅಂಚು ಹೊಲಿದೆ. ಎಂಬತ್ತೊಂದನೆಯ ಚೀಲದ ಹೊತ್ತಿಗೆ ಮೇಟ್ರನ್ ಅಮ್ಮ ಬಂದು, ದೊಡ್ಡಪ್ಪನವರ ಹೃದಯ ಸರಿಯಾಗಿ ಬಡಿಯುತ್ತಿದೆ ಎಂದರು. ಅದನ್ನು ಹೊರಗಿನವರಿಗಿಂತ ಐದು ನಿಮಿಷ ಮೊದಲು ಕೇಳಿದ ಪತ್ರಕರ್ತ ಅವನೊಬ್ಬನೇ. ಅವನು ಎದ್ದು ಹೋಗಲಿಲ್ಲ.

"ಸುದ್ದಿ ಕೊಡೋದಿಲ್ವಾ?" ಎಂದೆ.

"ಪೇಪರ್‌ನವನು ಗೇಟ್ ಹತ್ರ ಇದ್ದಾನಲ್ಲ, ಅವನು ಕೊಡ್ತಾನೆ" ಎಂದು ಎಂಬತ್ತೆರಡನೆಯ ಚೀಲವನ್ನು ನನ್ನ ಕೈಗಿತ್ತ.

ನಾನು ಅದನ್ನು ಪಕ್ಕಕ್ಕಿಟ್ಟು ಸೂಜಿಗೆ ಕೆಂಪು ದಾರ ಪೋಣಿಸಿದೆ. ಅವನ ಅಂಗಿಯ ತೋಳಿನ ತುದಿ ಎಳೆದುಕೊಂಡು, ಈ ಸಲ ಕಣ್ಣಿಟ್ಟು ನೋಡುತ್ತ, ಇನ್ನೊಂದು ಹೃ ಹಾಕಿದೆ. ಬಾಲದ ಸುತ್ತನ್ನೂ ಬಿಡಲಿಲ್ಲ.