ವೀರಭದ್ರ, ಡಬಲ್ ಬೆಡ್

"ಬಡಿಗಿ ಕೆಳಗ ಇಡಲೇ!"

ಕೂಗಿದೆ. ಬಡಿಗೆ ಇಳಿಯಿತು... ನನ್ನ ಮೊಣಕೈ ಮೇಲೆ!

ಜೀವ ಹೋದಂತಾಯಿತು. ಆದರೂ ಬಡಿಗೆ ಹಿಡಿದುಕೊಂಡೆ. ಇಪ್ಪತ್ತೆರಡು ವರ್ಷ ಪೊಲೀಸ್ ನೌಕರಿ ಮಾಡಿದ ದೇವವ್ವ ನಾನು. ಈಗ ಬೆಟಗೇರಿಯಲ್ಲಿ ಸ್ವಂತ ಪತ್ತೇದಾರಿ ಆಫೀಸು. ಹಿಡಿದದ್ದನ್ನು ಬಿಟ್ಟು ಅಭ್ಯಾಸವಿಲ್ಲ.

ಬೆಳಗಿನ ಏಳೂವರೆ. ಲಕ್ಷ್ಮೇಶ್ವರದ ಕಾಳಿನ ಗೋದಾಮು. ಚೀಲಗಳ ನಡುವೆ ಬಿದ್ದಿದ್ದವನು ವೀರು, ಮೊಬೈಲ್ ರಿಪೇರಿ ಅಂಗಡಿಯವನು. ಬಾಯಿ ತುಂಬ ರಕ್ತ. ಒಂದು ಹಲ್ಲು ಅಂಗೈಯಲ್ಲಿತ್ತು. ಬಡಿಗೆ ಬೀಸಿದವನು ಗೋದಾಮಿನ ಮಾಲೀಕ ನಂದೀಶ... ನನಗೆ ಕೆಲಸ ಕೊಟ್ಟವನೇ!

"ದೇವಕ್ಕಾರ, ಹೆಸರು ಕೊಟ್ಟಾವ್ರೂ ನೀವ. ಈಗ ಅಡ್ಡ ಬರಾವ್ರೂ ನೀವ?"

ಖರೆ. ಹೆಸರು ಕೊಟ್ಟವಳು ನಾನೇ. ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ.

ಸಂಗತಿ ಇಷ್ಟೇ, ಕೇಳಿ. ನಂದೀಶನ ತಂಗಿ ಶೃತಿ. ಇಪ್ಪತ್ತೆಂಟು ವರ್ಷ, ಶಾಲೆಯ ಟೀಚರ್. ಒಬ್ಬಳೇ ಹುಬ್ಬಳ್ಳಿಗೂ ಹೋದವಳಲ್ಲ. ಈಗ ಎರಡು ದಿನ ಬಾದಾಮಿ ನೋಡಿ ಬರುತ್ತೇನೆ, ಒಬ್ಬಳೇ ಹೋಗುತ್ತೇನೆ ಅಂದಳು. ಮನೆಯಲ್ಲಿ ಯಾರೂ ನಂಬಲಿಲ್ಲ. ಹೆಣ್ಣುಮಗಳು ಒಬ್ಬಳೇ ಯಾಕೆ ಹೋಗುತ್ತಾಳೆ? ಯಾರೋ ಇದ್ದಾನೆ! ಅವನು ಯಾರು ಅಂತ ಹುಡುಕುವುದು ನನ್ನ ಕೆಲಸ.

ಅವಳು ಪ್ಲಾನ್ ಬರೆದಿಟ್ಟ ಪುಟದ ಫೋಟೋ ನಂದೀಶನೇ ಕಳಿಸಿದ್ದ. ಟ್ರೇನಿನ ಟೈಮು, ಬ್ಯಾಗಿಗೆ ಬೀಗ, ಪವರ್ ಬ್ಯಾಂಕ್, ಹದಿನಾರು ಕಡಕ ರೊಟ್ಟಿ, ಶೇಂಗಾ ಚಟ್ನಿ... ಎರಡು ದಿನಕ್ಕೆ ಹದಿನಾರು ರೊಟ್ಟಿ! ಪಾಪ, ಮೊದಲ ಸಲ. ಅದರ ಕೆಳಗೆ ಒಂದು ಸಾಲು.

"ವೀರಭದ್ರಗ ಹೇಳೀನಿ. ಡಬಲ್ ಬೆಡ್."

ಸಿಕ್ಕಿತು ಅಂದುಕೊಂಡೆ. ನಿನ್ನೆ ಸಂಜೆಯೇ ಫೋನ್ ಮಾಡಿ ನಂದೀಶನಿಗೆ ಆ ಹೆಸರು ಹೇಳಿಬಿಟ್ಟೆ. ದಡ್ಡಿ! ಪುಟದ ಮೂಲೆಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದ್ದು ಇವತ್ತು ಬೆಳಿಗ್ಗೆ, ಚಹಾ ಕುಡಿಯುತ್ತ.

"ವೀರಭದ್ರ ಲಾಡ್ಜ್, ಬಾದಾಮಿ. ಹೇಳ್ರಿ!"

ಚಹಾ ಅಲ್ಲೇ ಬಿಟ್ಟು ಗೋದಾಮಿನವನ ನಂಬರ್ ಹಚ್ಚಿದೆ. ನಂದೀಶ ಫೋನ್ ಎತ್ತಲಿಲ್ಲ. ಬೈಕ್ ಹತ್ತಿ ಓಡಿ ಬಂದೆ. ಅಷ್ಟರಲ್ಲಿ ಅವನು ಊರಲ್ಲಿದ್ದ ವೀರಭದ್ರನನ್ನು, ಅಂದರೆ ಈ ವೀರುವನ್ನು, ಹಿಡಿದು ತಂದಿದ್ದ.

"ಅದು ಲಾಡ್ಜಿನ ಹೆಸರಲೇ! ಇವನ್ನ ಬಿಡು!"

"ಸುಳ್ಳು! ಇವನ ಅಂಗಡಿಗೆ ಆಕಿ ಎರಡು ಸಲ ಹೋಗ್ಯಾಳ!"

"ಪವರ್ ಬ್ಯಾಂಕ್‌ಗ ಬಂದಿದ್ರು ರೀ..." ವೀರು ಅಳುತ್ತಿದ್ದ. "ಒಂದು ಸಲ ತಗೊಳ್ಳಾಕ, ಒಂದು ಸಲ ಬದಲು ಮಾಡಾಕ!"

ನಂದೀಶ ಬಡಿಗೆ ಬಿಟ್ಟ. ಕಣ್ಣು ಮಾತ್ರ ಇನ್ನೂ ಕೆಂಪಗಿತ್ತು.

"ಹಂಗಾರ ಡಬಲ್ ಬೆಡ್ ಯಾಕ? ಆಕಿನ್ನ ಕೇಳ್ತೀನಿ. ಟ್ರೇನಿಂದ ಕೂದಲಾ ಹಿಡದು ಎಳಕೊಂಡ ಬರ್ತೀನಿ!"

ಬೊಲೆರೊ ಹತ್ತಿ, ಶೃತಿ ಇವತ್ತು ಟ್ರೇನ್ ಹತ್ತುವ ಗದಗ ಸ್ಟೇಷನ್ನಿನ ಕಡೆ ಹೊರಟೇಬಿಟ್ಟ.

ನಾನೂ ಬಿಡಲಿಲ್ಲ. ವೀರುವನ್ನು ಆ ಸ್ಥಿತಿಯಲ್ಲಿ ಅಲ್ಲೇ ಬಿಡಲಾಗದೆ ಬೈಕಿನ ಹಿಂದೆ ಕೂರಿಸಿಕೊಂಡೆ. ಶಿರಹಟ್ಟಿ ದಾಟಿದ ಮೇಲೆ ಬೊಲೆರೊ ಕಂಡಿತು. ಪಕ್ಕಕ್ಕೆ ಹೋದೆ... ಅವನು ಸ್ಟೇರಿಂಗ್ ತಿರುಗಿಸಿ ನನ್ನ ಮೈಮೇಲೇ ಬಂದ! ಬೈಕು ಮಣ್ಣಿಗಿಳಿಯಿತು.

"ಅಕ್ಕಾರ, ನಾ ಇಳೀತೇನ್ರಿ!"

"ಸುಮ್ನ ಕುಂಡ್ರಲೇ!"

ಗದಗ ಹತ್ತಿರ ಬಂದಾಗ ಹತ್ತಿ ಹೇರಿದ ಟ್ರ್ಯಾಕ್ಟರ್ ಅಡ್ಡ ಬಂತು. ಬೊಲೆರೊ ನಿಂತಿತು. ಬೈಕು ನುಸುಳಿತು!

ಸ್ಟೇಷನ್ನಿನಲ್ಲಿ ಟ್ರೇನ್ ನಿಂತಿತ್ತು. ಬಾಗಿಲಲ್ಲಿ ಶೃತಿ, ಹೆಗಲಿಗೆ ಹೊಸ ಬ್ಯಾಗು. ನಾನು ಬಾಯಿ ತೆರೆಯುವಷ್ಟರಲ್ಲಿ ನಂದೀಶ ಏದುಸಿರು ಬಿಡುತ್ತ ಬಂದು ಬ್ಯಾಗಿನ ಪಟ್ಟಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದೆ.

"ಹೇಳ! ಡಬಲ್ ಬೆಡ್ ಯಾರಿಗೆ?"

ಶೃತಿ ಬ್ಯಾಗನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಸಿಟ್ಟು ಒಮ್ಮೆಲೇ ಹೊರಗೆ ಬಂತು.

"ಒಬ್ಬಾಕಿಗೆ ರೂಮ್ ಕೊಡೂದಿಲ್ಲ ಅಂದ್ರಣ್ಣ! ನಾಕು ಲಾಡ್ಜ್ ಕೇಳಿದೆ. ಐದನೇದಾಗ ಗಂಡ ಮುಂದಿನ ಟ್ರೇನಿಗೆ ಬರ್ತಾನಂತ ಸುಳ್ಳು ಹೇಳಿದೆ. ಇಲ್ಲದ ಗಂಡಗ ಒಂದು ಹಾಸಿಗಿ... ಸಾಕಾತೇನು?"

ನಂದೀಶನ ಕೈ ಸಡಿಲಾಯಿತು. ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ಅವನನ್ನೇ ನೋಡುತ್ತಿದ್ದರು.

ಶೃತಿಯ ಕಣ್ಣು ವೀರುವಿನ ಬಾಯಿಯ ಮೇಲೆ ಬಿತ್ತು.

"ಇವ್ರಿಗೇನಾತು?"

"ಅದನ್ನ ನಾವು ನೋಡ್ಕೋತೀವಿ. ಹೋಗಿ ಬಾರವ್ವ" ಅಂದೆ.

ಟ್ರೇನ್ ಹೊರಟಿತು. ಅವಳು ಒಬ್ಬಳೇ ಹೋದಳು. ಟ್ರೇನ್ ಮರೆಯಾದ ಮೇಲೂ ನಾನು ಕೈ ಬೀಸುತ್ತಲೇ ಇದ್ದೆ. ಸಂತೋಷಕ್ಕೇ ಇರಬೇಕು.

ನಂದೀಶ ಮೆತ್ತಗೆ ಬಂದ. "ಅಕ್ಕಾರ, ಇದು ಮನಿತನದ ಮಾತು... ಇಲ್ಲಿಗೇ ಬಿಡ್ರಿ."

"ನಿನ್ನ ಮನಿತನಕ್ಕ ಏನಾಗೇತಲೇ? ಹಲ್ಲು ಹೋಗಿದ್ದು ಇವಂದು!"

ವೀರು ನನ್ನ ಮುಖ ನೋಡಿದ. "ಕಂಪ್ಲೇಂಟ್ ಕೊಡ್ಲೇನ್ರಿ?"

"ಕೊಡು. ಎರಡು ಹೆಸರು ಬರಿ. ಒಂದು ನಂದೀಶ. ಇನ್ನೊಂದು ದೇವವ್ವ. ನನ್ನ ಅಡ್ರೆಸ್ಸೂ ಪೂರ್ತಿ ಬರಿ... ಇಲ್ಲಾಂದ್ರ ಬ್ಯಾರೆ ಯಾವಾಕೀನೋ ದೇವವ್ವ ಒದಿ ತಿಂತಾಳ!"